ಕೆರೆಗೆ ಟ್ಯಾಂಕೆನ್ನಬೇಡಿ

ಇಂಗ್ಲಿಷಿನಲ್ಲಿ ಒಂದೊಂದು ಪದಕ್ಕೆ ಹತ್ತಾರು ಅರ್ಥಗಳಿರುವುದು ಹೊಸ ಸಂಗತಿಯೇನಲ್ಲ. ‘ಸೆಟ್’, ‘ರನ್’ ಎಂಬಂಥ ಪುಟ್ಟ ಪದಗಳಿಗೆ ದೊಡ್ಡ ನಿಘಂಟುಗಳು ಪುಟಗಟ್ಟಲೆ ಜಾಗ ಬಿಟ್ಟುಕೊಟ್ಟಿವೆ. ಅದು ಆ ಭಾಷೆಯ ಸಿರಿಯೋ ಬಡತನವೋ, ತೀರ್ಮಾನಿಸುವುದು ಇಂಗ್ಲಿಷರ ಮನೆಯ ವ್ಯವಹಾರ. ಆದರೆ ಅಂಥದೊಂದು ಪದ ನಮ್ಮ ಮನೆಗೆ ಬಂದು, ನಮ್ಮ ಹತ್ತು ಪದಗಳನ್ನು ಎಬ್ಬಿಸಿ ಅವುಗಳ ಜಾಗದಲ್ಲಿ ತಾನೊಂದೇ ಕೂತುಬಿಟ್ಟರೆ, ಅದು ನಮ್ಮ ವ್ಯವಹಾರವಾಗುತ್ತದೆ. ನಾನು ಹೇಳಹೊರಟಿರುವುದು ‘ಟ್ಯಾಂಕು’ ಎಂಬ ಪದದ ವಿಷಯ. ಚಿತ್ರದುರ್ಗದಂಥ ಮಳೆ ಕಡಿಮೆಯ ಸೀಮೆಯಲ್ಲಿ ಇದು ನಿಘಂಟಿನ ಜಗಳವಲ್ಲ, ನೀರಿನ ಜಗಳವೇ ಎಂಬುದು ನನ್ನ ವಾದ.

ದುರ್ಗದ ಪೇಟೆಯಲ್ಲಿ ವಾಸವಾಗಿರುವ ಒಬ್ಬ ಗೃಹಸ್ಥರನ್ನು ನೆನೆದುಕೊಳ್ಳಿ. ಬೆಳಿಗ್ಗೆ ಎದ್ದವರೇ ಟ್ಯಾಂಕಿನಲ್ಲಿ ನೀರಿದೆಯೇ ಎಂದು ವಿಚಾರಿಸುತ್ತಾರೆ. ಅದು ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಪೀಪಾಯಿ. ಸ್ಕೂಟರನ್ನು ಬೀದಿಗಿಳಿಸಿದರೆ ಟ್ಯಾಂಕಿನಲ್ಲಿ ಪೆಟ್ರೋಲಿಲ್ಲ. ಎರಡು ಬೀದಿ ದಾಟುವಷ್ಟರಲ್ಲಿ ಮೂಗು ಮುಚ್ಚಿಕೊಳ್ಳಬೇಕು. ಯಾರದೋ ಮನೆಯ ಸೆಪ್ಟಿಕ್ ಟ್ಯಾಂಕು ತುಂಬಿ ಹರಿದಿದೆ. ಕಚೇರಿಯಲ್ಲಿ ಪತ್ರಿಕೆ ಬಿಡಿಸಿದರೆ ಯಾವುದೋ ದೇಶದ ಗಡಿಯಲ್ಲಿ ಟ್ಯಾಂಕುಗಳು ಸಾಲುಗಟ್ಟಿ ನಿಂತ ಚಿತ್ರ. ಅದೇ ಪತ್ರಿಕೆಯ ಒಳಪುಟದ ಟೆಂಡರ್ ಪ್ರಕಟಣೆಯಲ್ಲಿ ಇಂಥ ಹಳ್ಳಿಯ ‘ಎಂ. ಐ. ಟ್ಯಾಂಕಿ’ನ ದುರಸ್ತಿಗೆ ಕಂಟ್ರಾಕ್ಟರುಗಳನ್ನು ಕರೆದಿದ್ದಾರೆ. ಕುಡಿಯುವ ನೀರು, ಉರಿಯುವ ಎಣ್ಣೆ, ಮನೆಯ ಹೊಲಸು, ಯುದ್ಧದ ರಥ, ರೈತನ ಕೆರೆ ಈ ಐದಕ್ಕೂ ಪದ ಒಂದೇ!

ನನ್ನ ಪರಿಚಯದ ಮೇಷ್ಟ್ರೊಬ್ಬರು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುತ್ತಾರೆ. ‘ಅರಸನು ಅನೇಕ ಟ್ಯಾಂಕುಗಳನ್ನು ಕಟ್ಟಿಸಿದನು’ ಎಂದು ಪುಸ್ತಕದಲ್ಲಿದ್ದುದನ್ನು ಓದಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅಷ್ಟೊಂದು ಟ್ಯಾಂಕಿದ್ದರೆ ಯುದ್ಧದಲ್ಲಿ ಯಾಕೆ ಸೋತ?” ಎಂದು ಕೇಳಿದನಂತೆ. ಮೇಷ್ಟ್ರು ಇದನ್ನು ನಗೆಯ ಪ್ರಸಂಗವೆಂದು ಹೇಳಿದರು. ನಾನೂ ನಕ್ಕೆ. ಆದರೆ ಹುಡುಗನ ತಪ್ಪೇನಿದೆ? ಆ ಪದಕ್ಕೆ ಅವನು ಕಂಡ ಅರ್ಥ ಅದು. ಅವನ ಊರಿನ ಹೆಸರಿನಲ್ಲೇ ಕೆರೆಯಿದ್ದರೂ ಪುಸ್ತಕದಲ್ಲಿ ಅದರ ಗುರುತು ಅವನಿಗೆ ಸಿಕ್ಕಲಿಲ್ಲ.

ಈ ಐದರಲ್ಲಿ ಮೊದಲ ನಾಲ್ಕರ ಬಗ್ಗೆ ನನ್ನದೇನೂ ತಕರಾರಿಲ್ಲ. ಪೆಟ್ರೋಲಿನ ಟ್ಯಾಂಕಿಗೆ ‘ತೈಲಕೋಶ’ ಎನ್ನಬೇಕೆಂದು ನಾನು ಚಳವಳಿ ಹೂಡುವುದಿಲ್ಲ. ಬಸ್ಸು, ರೈಲು, ಟಿಕೇಟು, ಬೆಂಚು ಇವು ವಸ್ತುವಿನ ಜೊತೆಗೆ ಬಂದ ಪದಗಳು. ವಸ್ತು ಹೊಸದು, ಹೆಸರೂ ಹೊಸದು. ಯಾರ ಜಾಗವನ್ನೂ ಅವು ಕಿತ್ತುಕೊಳ್ಳಲಿಲ್ಲ. ನನ್ನ ತಕರಾರು ಐದನೆಯದರ ಮೇಲೆ. ಕೆರೆ ಇಂಗ್ಲಿಷರು ಹಡಗಿನಲ್ಲಿ ತಂದ ವಸ್ತುವಲ್ಲ.

ಇನ್ನು ಈ ಪದದ ಪೂರ್ವೋತ್ತರವನ್ನು ಕೊಂಚ ನೋಡೋಣ. ಇಂಗ್ಲಿಷಿನಲ್ಲಿ ಅದು ಕಾಣಿಸಿಕೊಂಡದ್ದು ಹದಿನೇಳನೆಯ ಶತಮಾನದಲ್ಲಿ, ಅವರ ವರ್ತಕರು ಇಂಡಿಯಾಕ್ಕೆ ಬಂದಮೇಲೆ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಟಾಂಕಿ, ಟಾಂಕೆ ಎಂಬ ಮಾತುಗಳಿವೆ; ಪೋರ್ಚುಗೀಸರ ‘ಟಾಂಕೆ’ ಎಂಬುದೂ ಅದಕ್ಕೆ ಬೆರೆತಿರಬೇಕು. ಮೂಲ ನಮ್ಮದೋ ಅವರದೋ ಎಂಬ ಜಿಜ್ಞಾಸೆ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ ಇಂಡಿಯನ್ ನಿಘಂಟಿನಲ್ಲೇ ಇದೆ. ಸಂಸ್ಕೃತದ ತಡಾಗ, ತಟಾಕಗಳಿಗೆ ಇದರ ನಂಟು ಹಚ್ಚುವವರೂ ಇದ್ದಾರೆ. ಹಾಗಿದ್ದರೆ ಇದು ನಮ್ಮದೇ ಪದವಲ್ಲವೇ, ಮಗಳು ತವರಿಗೆ ಬಂದಂತಾಯಿತಲ್ಲ, ಜಗಳವೇಕೆ ಎಂದು ಕೆಲವರು ಕೇಳಬಹುದು.

ಜಗಳ ಇರುವುದು ಇಲ್ಲಿಯೇ. ಗುಜರಾತಿನ ಟಾಂಕೆಯೆಂದರೆ ಹಳೆಯ ಮನೆಗಳ ಅಂಗಳದಡಿಯಲ್ಲಿ ಕಟ್ಟಿದ ತೊಟ್ಟಿ. ಮಾಡಿನ ಮೇಲೆ ಬಿದ್ದ ಮಳೆ ಅದಕ್ಕಿಳಿದು ವರ್ಷವಿಡೀ ಕುಡಿಯಲು ಒದಗುತ್ತಿತ್ತು. ಒಳ್ಳೆಯ ವಸ್ತು, ಆದರೆ ಅದೊಂದು ಪಾತ್ರೆ. ನಾಲ್ಕು ಗೋಡೆ, ಒಂದು ತಳ, ಮೇಲೊಂದು ಮುಚ್ಚಳ. ಇಂಗ್ಲಿಷರು ಪಾತ್ರೆಯ ಆ ಹೆಸರನ್ನು ಎತ್ತಿಕೊಂಡು ಬಂದು ದಕ್ಷಿಣದ ಕೆರೆಗಳ ಮೇಲೆ ಹಾಕಿದರು. ಆಮೇಲೆ ಅದೇ ಹೆಸರನ್ನು ತಮ್ಮ ದೇಶಕ್ಕೆ ಒಯ್ದು ಕಬ್ಬಿಣದ ಪೀಪಾಯಿಗಳಿಗೆ ಇಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಗುಟ್ಟಾಗಿ ಉಕ್ಕಿನ ರಥವೊಂದನ್ನು ಕಟ್ಟುತ್ತಿದ್ದಾಗ, ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿರುವುದು ನೀರು ಸಾಗಿಸುವ ಪೀಪಾಯಿ ಎಂದು ಸುದ್ದಿ ಹಬ್ಬಿಸಿ, ‘ಟ್ಯಾಂಕ್’ ಎಂಬ ಮರೆಯ ಹೆಸರು ಕೊಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಆ ರಥ ಮೊದಲು ಹೊರಬಿತ್ತು. ಯುದ್ಧ ಮುಗಿಯಿತು, ಸುಳ್ಳು ಹೆಸರು ನಿಂತಿತು. ಅಂತೂ ನೀರಿನ ತೊಟ್ಟಿಯ ಹೆಸರು ಮದ್ದುಗುಂಡಿನ ಬಂಡಿಯದಾಯಿತು. ಇಂಗ್ಲಿಷಿಗೆ ಇದರಿಂದ ನಷ್ಟವಾಗಲಿಲ್ಲ. ಅವರಿಗೆ ಕೆರೆಯ ಬೇಸಾಯವಿರಲಿಲ್ಲ. ನಷ್ಟವಾದದ್ದು ನಮಗೆ.

ನಷ್ಟವೆಂದರೇನು ಎಂಬುದಕ್ಕೆ ದುರ್ಗದ ಬೆಟ್ಟವನ್ನೇ ಹತ್ತಿ ನೋಡಬಹುದು. ಏಳು ಸುತ್ತಿನ ಕೋಟೆ ಎಂದು ಕಲ್ಲನ್ನು ಹೊಗಳುತ್ತೇವೆ. ಆ ಕಲ್ಲಿನ ನಡುವೆ ಜನ ಬದುಕಿದ್ದು ನೀರಿನಿಂದ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡ, ಕೆಳಗೆ ಪೇಟೆಯಲ್ಲಿ ಸಂತೆಹೊಂಡ. ಮೇಲಿನದು ತುಂಬಿದರೆ ಹೆಚ್ಚಿನ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಮತ್ತೂ ಕೆಳಗಿನದಕ್ಕೆ ಇಳಿಯುವಂತೆ ಆ ಕಾಲದವರು ಏರ್ಪಾಡು ಮಾಡಿದ್ದರು. ಬಂಡೆಯ ಕುಳಿಯಲ್ಲಿ ತಾನಾಗಿ ನಿಂತ ನೀರಿಗೆ ದೊಣೆ ಎಂದರು. ಎಣ್ಣೆ ತುಂಬಿಡುವ ಕಲ್ಲಿನ ಗುಂಡಿಗೆ ಎಣ್ಣೆಕೊಳವೆಂದರು. ಹೈದರನ ದಂಡು ಕಿಂಡಿಯಲ್ಲಿ ನುಸುಳಿದ ಹೊತ್ತಿಗೆ ಓಬವ್ವ ಅಲ್ಲಿಗೆ ಬಂದದ್ದು ಗಂಡನ ಊಟಕ್ಕೆ ನೀರು ತರಲೆಂದು ಎಂಬ ಕಥೆ ಎಲ್ಲರಿಗೂ ಗೊತ್ತಿದೆ. ಇಂಗ್ಲಿಷಿಗೆ ಹೊರಳಿದರೆ ಹೊಂಡವೂ ಟ್ಯಾಂಕು, ಕೊಳವೂ ಟ್ಯಾಂಕು, ಎಣ್ಣೆಯ ಗುಂಡಿಯೂ ಟ್ಯಾಂಕು. ಬೆಟ್ಟದ ನೀರಿನ ಮೆಟ್ಟಿಲುಗಳೆಲ್ಲ ಒಂದೇ ಸಮವಾಗಿ ಬಿಡುತ್ತವೆ.

ಬೆಟ್ಟದಿಂದ ಇಳಿದು ಬಯಲಿಗೆ ಬಂದರೆ ಇನ್ನೂ ಹೆಚ್ಚಿನ ಪದಗಳಿವೆ. ಏರಿ ಕಟ್ಟಿ ಹಳ್ಳದ ನೀರು ನಿಲ್ಲಿಸಿದರೆ ಕೆರೆ. ಅದಕ್ಕಿಂತ ಕಿರಿದಾದದ್ದು ಕಟ್ಟೆ. ದನಕರುಗಳಿಗೆಂದು ಕಟ್ಟಿದ್ದು ಗೋಕಟ್ಟೆ. ಹೊಲದ ಮೂಲೆಯಲ್ಲಿ ಮಳೆನೀರು ನಿಲ್ಲುವ ತಗ್ಗು ಕುಂಟೆ. ಮೆಟ್ಟಿಲು ಕಟ್ಟಿ ದೇವಸ್ಥಾನದ ಮುಂದೆ ನಿಲ್ಲಿಸಿದರೆ ಕಲ್ಯಾಣಿ, ಪುಷ್ಕರಣಿ. ಹಳ್ಳದಲ್ಲಿ ಆಳವಾಗಿ ನಿಂತದ್ದು ಮಡು. ಮನೆಯ ಹಿತ್ತಿಲಿನದು ತೊಟ್ಟಿ. ಯಾವುದರಲ್ಲಿ ಈಜಬಹುದು, ಯಾವುದರಲ್ಲಿ ಎಮ್ಮೆ ಮೈ ತೊಳೆಯಬಹುದು, ಯಾವುದರಿಂದ ಗದ್ದೆಗೆ ನೀರು ಹಾಯುತ್ತದೆ ಎಂಬುದು ಹೆಸರು ಹೇಳಿದೊಡನೆ ಹಳ್ಳಿಯ ಮಗುವಿಗೂ ತಿಳಿಯುತ್ತಿತ್ತು.

ಊರುಗಳ ಹೆಸರನ್ನಾದರೂ ಕೇಳಿ. ಹೊಳಲು ಎಂದರೆ ಹಳಗನ್ನಡದಲ್ಲಿ ಪಟ್ಟಣ. ಪಟ್ಟಣದ ಕೆರೆ ಹೊಳಲ್ಕೆರೆಯಾಯಿತು. ಚಳ್ಳಕೆರೆ, ಅದೇ ತಾಲ್ಲೂಕಿನ ಸಾಣಿಕೆರೆ, ಹೊಸದುರ್ಗದ ಕಡೆಯ ಮಾಡದಕೆರೆ ಹೀಗೆ ಊರಿಗಿಂತ ಮೊದಲು ಕೆರೆ ಇದ್ದ ಹಾಗೆ ಹೆಸರುಗಳು ನಿಂತಿವೆ. ಅಡಕೆಯ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದಲ್ಲಿ ಕೆರೆಯೇ ಸಮುದ್ರ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ಕಟ್ಟೆಗೆ, ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆಂದು ಕರೆದರು. ನಮ್ಮ ಹಿರಿಯರು ಒಂದು ಹರದಾರಿಯ ನೀರಿಗೆ ಸಮುದ್ರವೆಂದರು, ಸಾಗರವೆಂದರು. ಅದು ಅತಿಶಯೋಕ್ತಿಯೇ ಸರಿ. ಆದರೆ ಮಳೆ ಕಾಣದ ನಾಡಿನವರ ಅತಿಶಯೋಕ್ತಿಯಲ್ಲಿ ಆ ನೀರಿಗೆ ಅವರು ಕೊಟ್ಟ ಬೆಲೆಯಿದೆ. ಪೀಪಾಯಿಯ ಹೆಸರಿನಲ್ಲಿ ಅಂಥ ಬೆಲೆ ಇರಲಾರದು.

“ಅಯ್ಯಾ, ಬರಿಯ ಹೆಸರಿಗೆ ಇಷ್ಟೇಕೆ ಗದ್ದಲ? ಏನೆಂದು ಕರೆದರೂ ನೀರು ನೀರೇ” ಎನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಊರು ಯಾವುದು, ಕಚೇರಿ ಯಾವುದು ಎಂಬುದು ಬೇಡ. ಇಂಥದ್ದು ಎಲ್ಲಿ ಬೇಕಾದರೂ ನಡೆದೀತು. ಕೆರೆಗೆ ನೀರು ತರುವ ಹಳ್ಳವನ್ನು ಯಾರೋ ಮಣ್ಣು ಸುರಿದು ಮುಚ್ಚಿದ್ದಾರೆಂದು ಹಳ್ಳಿಯ ನಾಲ್ವರು ಅರ್ಜಿ ಹಿಡಿದು ಹೊರಟಿದ್ದರು. ಅರ್ಜಿ ಬರೆದುಕೊಟ್ಟವನಾದ್ದರಿಂದ ನಾನೂ ಜೊತೆಗಿದ್ದೆ. ಮೇಜಿನ ಆಚೆಯಿದ್ದ ಗುಮಾಸ್ತರು ಕಾಗದದ ತಲೆಬರಹವನ್ನಷ್ಟೇ ನೋಡಿ, “ಟ್ಯಾಂಕಿಗೇನಾಗಿದೆ ಯಜಮಾನ್ರೇ, ಸೋರುತ್ತಿದೆಯೋ?” ಎಂದು ಕೇಳಿ ನಲ್ಲಿ ನೀರಿನ ವಿಭಾಗಕ್ಕೆ ಕಳುಹಿಸಿದರು. ಅಲ್ಲಿನವರು ಇದು ನಮ್ಮ ಟ್ಯಾಂಕಲ್ಲ, ನೀರಾವರಿಯವರ ಟ್ಯಾಂಕು ಎಂದರು. ನೀರಾವರಿಯವರು ಅಚ್ಚುಕಟ್ಟು ಎಷ್ಟು ಎಂದು ಕೇಳಿದರು. 40 ಹೆಕ್ಟೇರಿಗೆ ಮೇಲ್ಪಟ್ಟು 2,000 ಹೆಕ್ಟೇರಿನ ತನಕ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯಾದರೆ ಪಂಚಾಯತಿಗೆ ಎಂಬುದು ಲೆಕ್ಕ. ನಮ್ಮದು ಕಡಿಮೆಯದು. ಪಂಚಾಯತಿಯವರು, ಟ್ಯಾಂಕು ನಮ್ಮದೇ, ಒಪ್ಪಿದೆವು. ಆದರೆ ನೀವು ಹೇಳುವ ಹಳ್ಳ ಟ್ಯಾಂಕಿನ ಹೊರಗಿದೆಯಲ್ಲ, ಅದು ಕಂದಾಯದವರಿಗೆ ಸೇರಿದ್ದು ಎಂದರು.

ಆಗ ನಮ್ಮೊಡನಿದ್ದ ಮುದುಕರು, ಅಷ್ಟು ಹೊತ್ತೂ ಬಾಯಿ ಬಿಡದವರು, ಹೆಗಲಿನ ವಸ್ತ್ರ ಕೊಡವಿ ಹೇಳಿದರು: “ಅಲ್ಲ ಸ್ವಾಮಿ, ನಾವು ಕೆರೆ ವಿಷ್ಯ ಹೇಳಾಕೆ ಬಂದ್ರೆ ನೀವು ಟ್ಯಾಂಕಿನ ವಿಷ್ಯ ಮಾತಾಡ್ತಾ ಇದ್ದೀರಿ. ನಲ್ಲಿ ಇರಾದು ಟ್ಯಾಂಕು, ಕೋಡಿ ಇರಾದು ಕೆರೆ. ಹಳ್ಳ ಬಿಟ್ರೆ ಕೆರೆ ಎಲ್ಲೈತೆ?”

ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆಯನ್ನು ನಾನು ಯಾವ ನಿಘಂಟಿನಲ್ಲೂ ಕಂಡಿಲ್ಲ. ಪಾತ್ರೆಗೆ ಒಳಗು ಹೊರಗು ಎಂಬುದಿದೆ. ಅದರ ಗೋಡೆಯಿಂದಾಚೆಗೆ ಪಾತ್ರೆಯಿಲ್ಲ. ಕೆರೆ ಹಾಗಲ್ಲ. ಮಳೆ ಬಿದ್ದು ಹರಿದುಬರುವ ಗುಡ್ಡ, ಕಾವಲು, ಹೊಲಗಳೂ ಕೆರೆಯೇ. ಆ ನೀರನ್ನು ತರುವ ಹಳ್ಳ ಕಾಲುವೆಗಳೂ ಕೆರೆಯೇ. ಏರಿ, ತೂಬು, ಕೋಡಿ ಇವು ಅದರ ಅಂಗಗಳು. ಕೆಳಗಿನ ಅಚ್ಚುಕಟ್ಟು, ಅಂಗಳದ ಗೋಡುಮಣ್ಣು, ಆ ಮಣ್ಣು ಹೊತ್ತ ಗಾಡಿಗಳು, ಸರದಿಯ ಪ್ರಕಾರ ಗದ್ದೆಗೆ ನೀರು ಬಿಡುವ ನೀರಗಂಟಿ ಎಲ್ಲ ಸೇರಿ ಕೆರೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಯ ಹುಟ್ಟುನೀರು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬರು ಸಂಸ್ಥಾನದ 27,269 ಚದರ ಮೈಲಿಯಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಹೀಗೆ ಕೆರೆಗಳ ಸರಪಣಿಗೆ ಒಳಪಟ್ಟಿದೆಯೆಂದು 1866ರಲ್ಲೇ ಬೆರಗಿನಿಂದ ಬರೆದಿಟ್ಟಿದ್ದಾರೆ. ಹೊಸ ಕೆರೆಗೆ ಜಾಗ ಹುಡುಕಬೇಕೆಂದರೆ ಬುದ್ಧಿ ಖರ್ಚಾದೀತು ಎಂಬ ಅರ್ಥದ ಮಾತನ್ನೂ ಸೇರಿಸಿದ್ದಾರೆ. ಆ ಸಾಹೇಬರಿಗೆ ಟ್ಯಾಂಕ್ ಎಂಬುದಲ್ಲದೆ ಬೇರೆ ಪದವಿರಲಿಲ್ಲ. ಆದರೆ ಆ ಪದದ ಹಿಂದೆ ಏನಿದೆಯೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಪದವನ್ನು ಇಟ್ಟುಕೊಂಡ ನಾವು ಅವರ ಕಣ್ಣನ್ನು ಇಟ್ಟುಕೊಳ್ಳಲಿಲ್ಲ.

ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದು. ಅರಸ ತಾನು ಗೆದ್ದ ಪಲ್ಲವರೇ ಮೊದಲಾದವರ ಹೆಸರನ್ನು ಅಲ್ಲಿ ಬರೆಸಿದ್ದಾನೆ. ಆದರೆ ಆ ಶಾಸನ ಹುಟ್ಟಿದ್ದು ಗೆಲುವನ್ನು ಸಾರಲಿಕ್ಕಲ್ಲ, ತಟಾಕವೊಂದನ್ನು ಕಟ್ಟಿಸಿದ್ದಕ್ಕೆ. ಅಲ್ಲಿಂದ ಮುಂದೆ ಸಾವಿರ ವರ್ಷದ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟುಕೊಟ್ಟ ಏರ್ಪಾಡುಗಳು ಅವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಪವಾಡಗಳಿಗಾಗಿ ಮಾತ್ರವಲ್ಲ, ಕೆರೆ ಕಟ್ಟಿಸಿದ್ದಕ್ಕಾಗಿ. ಪೀಪಾಯಿ ಕೂರಿಸಿದವನನ್ನು ಯಾವ ಊರು ದೇವರೆಂದು ಪೂಜಿಸಿದೆ?

ಈ ಪದದ ತೊಂದರೆಯೆಂದರೆ, ಅದರಿಂದ ಹುಟ್ಟುವ ಮುಂದಿನ ಪದ. ಕೆರೆಯ ಅಂಗಳ ಎಂದರೆ ನಮ್ಮ ಕಿವಿಗೆ ಅದು ಒಬ್ಬರ ಮನೆಯ ಅಂಗಳದಂತೆ ಕೇಳುತ್ತದೆ. ಒಡೆಯರಿದ್ದಾರೆ, ಕಾಲಿಡುವ ಮುನ್ನ ಕೇಳಬೇಕು. ಅದನ್ನೇ ‘ಟ್ಯಾಂಕ್ ಬೆಡ್’ ಎಂದುಬಿಟ್ಟರೆ ಅದು ಕಾಗದದ ಮೇಲಿನ ಸರ್ವೆ ನಂಬರು. ಪಾತ್ರೆ ಖಾಲಿಯಾದಮೇಲೆ ಪಾತ್ರೆಯ ಜಾಗ ಬಿಡುವಾಯಿತಲ್ಲ, ಬೇರೆ ಏನನ್ನಾದರೂ ಇಡಬಹುದಲ್ಲ! ಬೆಂಗಳೂರಿನಲ್ಲಿ ನಡೆದದ್ದು ಇದೇ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಮೆಜೆಸ್ಟಿಕ್ಕಿನ ಬಳಿ ‘ಟ್ಯಾಂಕ್ ಬಂಡ್ ರಸ್ತೆ’ ಎಂಬ ಹೆಸರು ಉಳಿದಿದೆ. ಏರಿಯ ಹೆಸರಿದೆ, ನೀರಿಲ್ಲ. ಪ್ರತಿ ಮಳೆಗಾಲದಲ್ಲೂ ಆ ನಗರದ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಎಷ್ಟೋ ಕಡೆ ನೀರು ಮನೆಗೆ ನುಗ್ಗಿದ್ದಲ್ಲ. ಮನೆಗಳೇ ನೀರಿನ ದಾರಿಗೆ ಬಂದು ಕೂತದ್ದು. ನಮ್ಮ ಸೀಮೆಯಲ್ಲಿ ಅಷ್ಟು ಬೆಲೆಬಾಳುವ ನಿವೇಶನಗಳಿಲ್ಲದ್ದರಿಂದ ಬಳ್ಳಾರಿ ಜಾಲಿ ಬೆಳೆದು ಕೂತಿದೆ. ವ್ಯತ್ಯಾಸ ಅಷ್ಟೇ.

ಇಲ್ಲಿ ಎದುರು ವಾದಿಗಳು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಎರಡಕ್ಕೂ ಉತ್ತರ ಕೊಡದೆ ಹೋಗುವುದು ನ್ಯಾಯವಲ್ಲ.

ಮೊದಲನೆಯದು: ಸರ್ಕಾರದ ಕನ್ನಡದಲ್ಲಿ ಕೆರೆ ಎಂದೇ ಬರೆಯುತ್ತಾರಲ್ಲ, ಇಂಗ್ಲಿಷಿನಲ್ಲಿ ಏನಿದ್ದರೇನು? ಬರೆಯುತ್ತಾರೆ, ಒಪ್ಪಿದೆ. ಕೆರೆಗಳ ಸಂರಕ್ಷಣೆಗೆಂದು 2014ರ ಕಾಯಿದೆಯಿಂದ ಹುಟ್ಟಿದ ಪ್ರಾಧಿಕಾರದ ಹೆಸರಿನಲ್ಲಿ ಇಂಗ್ಲಿಷಿನವರು ಮೊದಲು ‘ಲೇಕ್’ ಎಂದಿಟ್ಟು, 2018ರ ತಿದ್ದುಪಡಿಯಲ್ಲಿ ‘ಟ್ಯಾಂಕ್’ ಎಂದು ಬದಲಿಸಿದರು. ಕನ್ನಡದಲ್ಲಿ ಮೊದಲೂ ಕೆರೆ, ಆಮೇಲೂ ಕೆರೆ. ಇದರಿಂದ ತಿಳಿಯುವುದೇನು? ಆ ಭಾಷೆಗೆ ನಮ್ಮ ವಸ್ತುವಿನ ಹೆಸರು ಇಂದಿಗೂ ಸಿಕ್ಕಿಲ್ಲ. ಒಮ್ಮೆ ಸರೋವರ ಎನ್ನುತ್ತದೆ, ಒಮ್ಮೆ ತೊಟ್ಟಿ ಎನ್ನುತ್ತದೆ. ಹೆಸರು ಗೊತ್ತಿರುವವರು ನಾವು. ಆದರೆ ಅಂದಾಜುಪಟ್ಟಿ, ನಕಾಶೆ, ಟೆಂಡರು ಇವೆಲ್ಲ ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಮುಗಿಯುವಾಗ, ಕನ್ನಡದ ಕೆರೆ ಬರಿಯ ಫಲಕದ ಮೇಲೆ ಉಳಿಯುತ್ತದೆ. ದುರಸ್ತಿಯೆಂದರೆ ಏರಿಗೆ ಕಲ್ಲು ಹೊದಿಸುವುದು, ತೂಬಿಗೆ ಗಾರೆ ಬಳಿಯುವುದು. ಪಾತ್ರೆಯನ್ನು ರಿಪೇರಿ ಮಾಡುವ ಕ್ರಮ ಅದು. ಮೇಲಿನ ಹಳ್ಳದ ಸುದ್ದಿ ಅಂದಾಜುಪಟ್ಟಿಯಲ್ಲಿ ಬರುವುದು ಅಪರೂಪ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕೆರೆಯ ಕಾಲವನ್ನು ಹಾಡಿ ಹೊಗಳುತ್ತೀರಲ್ಲ, ಆ ಕೆರೆಯಲ್ಲಿ ಎಲ್ಲರೂ ನೀರು ಮುಟ್ಟಬಹುದಿತ್ತೆ ಎಂದು ಕೇಳುತ್ತಾರೆ. ಇರಲಿಲ್ಲ. ಅದನ್ನು ಮುಚ್ಚಿಟ್ಟು ಕೆರೆಯನ್ನು ಹೊಗಳುವವನು ನಾನಲ್ಲ. ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕಾಗಿ 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರ ಮೆರವಣಿಗೆಯನ್ನೇ ನಡೆಸಬೇಕಾಯಿತು. ಆ ಅನ್ಯಾಯ ನಮ್ಮ ಹಳ್ಳಿಗಳಲ್ಲೂ ಇತ್ತು. ನಲ್ಲಿಯೂ ಎತ್ತರದ ಟ್ಯಾಂಕೂ ಬಂದು ಎಷ್ಟೋ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡವನ್ನು ಇಳಿಸಿದವು. ಅವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಹೆಸರು ಬದಲಾದ ಮಾತ್ರಕ್ಕೆ ನ್ಯಾಯ ಬಂದುಬಿಡಲಿಲ್ಲ. 2023ರ ಆಗಸ್ಟಿನ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಹಲವರು ಪ್ರಾಣ ಬಿಟ್ಟರು. ಸೆಪ್ಟಿಕ್ ಟ್ಯಾಂಕಿನೊಳಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಕೂಡದೆಂದು 2013ರಲ್ಲೇ ಕೇಂದ್ರದ ಕಾಯಿದೆ ಬಂದಿದ್ದರೂ ಅದರೊಳಗೆ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಕೆರೆಯ ಕಾಲದ ತಪ್ಪಿಗೆ ಮದ್ದು, ಕೆರೆಯನ್ನು ಎಲ್ಲರದನ್ನಾಗಿ ಮಾಡುವುದು. ಯಾರದೂ ಅಲ್ಲದ ಟ್ಯಾಂಕನ್ನಾಗಿ ಮಾಡುವುದು ಮದ್ದಲ್ಲ.

ಇನ್ನು ನಮ್ಮ ಜಿಲ್ಲೆಯ ಇಂದಿನ ದೊಡ್ಡ ಆಸೆಯ ಮಾತಿಗೆ ಬರುತ್ತೇನೆ. ಕೆರೆ ತುಂಬುವುದು ಎಂಬುದು ನಮ್ಮ ಭಾಷೆಯಲ್ಲಿ ಹಳೆಯ ಮಾತು. ಮಳೆ ಬಂತು, ಹಳ್ಳ ಬಂತು, ಕೆರೆ ತುಂಬಿತು, ಕೋಡಿ ಬಿತ್ತು. ಊರವರು ಬಾಗಿನ ಕೊಟ್ಟರು. ತುಂಬಿದ್ದು ಕೆರೆಯೇ, ತಾನಾಗಿ. ಈಗ ಬಂದಿರುವ ಮಾತು ‘ಕೆರೆ ತುಂಬಿಸುವ ಯೋಜನೆ’. ‘ಇಸು’ ಎಂಬ ಒಂದು ಪ್ರತ್ಯಯ ಸೇರಿದ್ದನ್ನು ಗಮನಿಸಿ. ಪಾತ್ರೆಯನ್ನು ತುಂಬಿಸಬೇಕು; ಅದು ತಾನಾಗಿ ತುಂಬುವುದಿಲ್ಲ. ಟ್ಯಾಂಕು ಎಂಬ ಪದ ಹೊರಟುಹೋಗಿ ಕೆರೆ ಎಂಬ ಪದ ಉಳಿದರೂ, ಟ್ಯಾಂಕಿನ ಅರ್ಥ ಕ್ರಿಯಾಪದದೊಳಗೆ ಸೇರಿಕೊಂಡಿತು.

ಭದ್ರಾ ಮೇಲ್ದಂಡೆ ಯೋಜನೆಯನ್ನು ನಾನು ವಿರೋಧಿಸುವವನಲ್ಲ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ 367 ಕೆರೆಗಳಿಗೆ ನೀರು ಹಾಯಿಸಿ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು ಅದರ ಉದ್ದೇಶ. 2023ರ ಕೇಂದ್ರ ಮುಂಗಡಪತ್ರದಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಯ ನೆರವು ಸಾರಿದರು. ಈ ನೀರಿಗಾಗಿ ಇಲ್ಲಿನ ರೈತರು ಎಷ್ಟು ಧರಣಿ ಕೂತರೆಂಬುದನ್ನು ಬಲ್ಲೆ. ಬರಲಿ, ಬೇಗ ಬರಲಿ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆ ದಿನ ಹಿರಿಯೂರಿನ ದಾರಿಯಲ್ಲಿ ಜನಜಾತ್ರೆಯೇ ಸೇರಿತ್ತು. ಅಜ್ಜಂದಿರಿಂದ ಕೇಳಿದ್ದನ್ನು ಮೊಮ್ಮಕ್ಕಳು ಕಣ್ಣಿನಿಂದ ನೋಡಿದರು.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ದೂರದ ನದಿಯಿಂದ ಕೊಳವೆಯಲ್ಲಿ ನೀರು ಬರುತ್ತದೆಂಬ ಭರವಸೆಯಲ್ಲಿ, ಊರಿನ ಹಳ್ಳವನ್ನು ಮುಚ್ಚಿದರೂ ಚಿಂತೆಯಿಲ್ಲ ಎಂದು ನಾವು ಸುಮ್ಮನಿದ್ದರೆ, ಕೊಳವೆ ಒಡೆದ ವರ್ಷ, ಕರೆಂಟು ಹೋದ ವರ್ಷ, ಮೇಲಿನ ನದಿಯೇ ಬತ್ತಿದ ವರ್ಷ ಏನು ಮಾಡುವುದು? ನಮ್ಮ ಗುಡ್ಡದ ಮೇಲೆ ಬಿದ್ದ ಎರಡು ಹದ ಮಳೆಯೂ ಆಗ ಕೆರೆಗೆ ಬರಲಾರದು. ಅದರ ದಾರಿಯಲ್ಲಿ ನಿವೇಶನಗಳಿರುತ್ತವೆ. ಹಿಂದೆ ಕೆರೆಯೊಂದು ಬರಿದಾದರೆ ಜನ ಮುಗಿಲು ನೋಡುತ್ತಿದ್ದರು, ಆಮೇಲೆ ಹಾರೆ ಗುದ್ದಲಿ ಹಿಡಿದು ಕಾಲುವೆ ನೋಡುತ್ತಿದ್ದರು. ಟ್ಯಾಂಕು ಬರಿದಾದರೆ ಜನ ನೋಡುವುದು ಟ್ಯಾಂಕರಿನ ದಾರಿಯನ್ನು. ನೋಡಿ, ಆ ಪದ ಮರಿಯನ್ನೂ ಹಾಕಿದೆ!

ಕನ್ನಡಕ್ಕೆ ಶಕ್ತಿಯಿಲ್ಲದೆ ಈ ಗತಿ ಬಂತೆಂದು ಯಾರೂ ಹೇಳುವ ಹಾಗಿಲ್ಲ. ಪಂಡಿತರು ಕೂತು ರಾಜಕೀಯ, ಅರ್ಥನೀತಿಗಳನ್ನು ಚರ್ಚಿಸುವ ಸಂಸ್ಥೆಗೆ ಇಂಗ್ಲಿಷಿನವರು ‘ಥಿಂಕ್ ಟ್ಯಾಂಕ್’ ಎಂದರು. ನಮ್ಮ ಪತ್ರಿಕೆಗಳು ಅದನ್ನು ‘ಚಿಂತಕರ ಚಾವಡಿ’ ಎಂದು ಕನ್ನಡಿಸಿದವು. ಎಷ್ಟು ಚೆನ್ನಾದ ಮಾತು! ತೊಟ್ಟಿಯೊಳಗೆ ಬಿದ್ದಿದ್ದ ಚಿಂತಕರನ್ನು ಮೇಲೆತ್ತಿ ಚಾವಡಿಯಲ್ಲಿ ಕೂರಿಸಿದ ಕನ್ನಡಕ್ಕೆ, ತನ್ನದೇ ಕೆರೆಯನ್ನು ತೊಟ್ಟಿಯಿಂದ ಎತ್ತಲಾರದೆಂದರೆ ನಂಬುವವರು ಯಾರು?

ನಾನು ಕೇಳುವುದು ದೊಡ್ಡದೇನೂ ಅಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕಾದಲ್ಲಿಯೂ ಕೆರೆಗೆ ಕೆರೆ ಎಂದೇ ಬರೆಯಲಿ. ರಾಗಿ ಮುದ್ದೆಗೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಹುಡುಕದವರು ಕೆರೆಗೆ ಏಕೆ ಹುಡುಕಬೇಕು? ಹೊಂಡಕ್ಕೆ ಹೊಂಡ, ಕಟ್ಟೆಗೆ ಕಟ್ಟೆ ಎಂದು ಕೋಟೆಯ ಫಲಕಗಳಲ್ಲೂ ಕಚೇರಿಯ ನಕಾಶೆಗಳಲ್ಲೂ ಇರಲಿ. ಕೆರೆಯ ಗಡಿ ಗುರುತಿಸುವಾಗ ಅಂಗಳದ ಜೊತೆಗೆ ಅದಕ್ಕೆ ನೀರು ತರುವ ಹಳ್ಳ ಕಾಲುವೆಗಳನ್ನೂ ಅದೇ ಕಾಗದದಲ್ಲಿ, ಅದೇ ಹೆಸರಿನಡಿಯಲ್ಲಿ ಬರೆಯಲಿ. ಕೆರೆಗೊಬ್ಬ ಅಧಿಕಾರಿ, ಹಳ್ಳಕ್ಕೊಬ್ಬ ಅಧಿಕಾರಿ ಎಂಬ ಪದ್ಧತಿ ಕೊನೆಗಾಣಲಿ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಏರಿಯ ಮೇಲೆ ನಡೆಸಿ, ತೂಬು ಯಾವುದು, ಕೋಡಿ ಯಾವುದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲಿ. ಹೆಸರು ತಿಳಿದ ಮಕ್ಕಳು ನಾಳೆ ಅರ್ಜಿ ಬರೆಯುವಾಗ ಹಳ್ಳವನ್ನು ಬಿಟ್ಟು ಬರೆಯುವುದಿಲ್ಲ. ನಾಳೆ ಅವರೇ ಗುಮಾಸ್ತರಾದಾಗ ಅರ್ಜಿಯನ್ನು ನಲ್ಲಿಯ ವಿಭಾಗಕ್ಕೆ ಕಳುಹಿಸುವುದೂ ಇಲ್ಲ.

ಸ್ಕೂಟರಿನ ಹೊಟ್ಟೆಗೆ, ತಾರಸಿಯ ಪೀಪಾಯಿಗೆ, ರಣರಂಗದ ರಥಕ್ಕೆ ಟ್ಯಾಂಕೆನ್ನಿ, ನನ್ನ ಅಡ್ಡಿಯಿಲ್ಲ. ಆದರೆ ಹದಿನಾರು ನೂರು ವರ್ಷಗಳ ಹಿಂದೆ ಚಂದ್ರವಳ್ಳಿಯ ಬಂಡೆಯ ಮೇಲೆ ಕೊರೆಸಿಕೊಳ್ಳುವಷ್ಟು ಗೌರವ ಪಡೆದಿದ್ದ ವಸ್ತುವನ್ನು, ಈ ಬರದ ನಾಡಿನಲ್ಲಿ ಹುಟ್ಟಿದ ನಾವಾದರೂ ಅದರ ಹೆಸರಿನಿಂದ ಕರೆಯೋಣ.